ಹೆಸರಿಲ್ಲದ ಅಮಲು

ಅಮಲು ಪದಾರ್ಥಗಳು ನಮ್ಮ ನಾಡಿಗೆ ಹೊಸತಲ್ಲ. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಉಮ್ಮತ್ತದ ಗಿಡವನ್ನು ದನ ಕಾಯುವ ಹುಡುಗನೂ ಬಲ್ಲನು. ಭಂಗಿಯ ಸೊಪ್ಪು ಯಾವುದು, ಅಫೀಮು ಯಾವುದು, ಈಚಲ ಹೆಂಡವು ಎಷ್ಟು ಹುಳಿತರೆ ತಲೆಗೇರುವುದು ಎಂಬುದನ್ನು ಹಿಂದಿನವರು ತಿಳಿದಿದ್ದರು. ಅವುಗಳನ್ನು ಮುಟ್ಟದವರಿಗೂ ಅವುಗಳ ಹೆಸರು ಗೊತ್ತಿತ್ತು. ಹೆಸರಿನೊಡನೆ ಗುಣವೂ ಗೊತ್ತಿತ್ತು. ಉಮ್ಮತ್ತದ ಬೀಜವನ್ನು ತಿಂದವನು ಬಾಯೊಣಗಿ, ಮೈ ಕಾದು, ಕಣ್ಣಿನ ಪಾಪೆ ಅಗಲವಾಗಿ, ಇಲ್ಲದ್ದನ್ನು ಕಂಡವನಂತೆ ಗಾಳಿಯಲ್ಲಿ ಕೈಯಾಡಿಸುವನೆಂದೂ, ಅಫೀಮು ಹೆಚ್ಚಾದವನು ಪಾಪೆ ಸಾಸಿವೆಯಷ್ಟಾಗಿ ಉಸಿರು ಕುಗ್ಗಿ ಮಲಗಿಬಿಡುವನೆಂದೂ ಹಳ್ಳಿಯ ಮುದುಕಿಯರು ಸಹ ಹೇಳಬಲ್ಲವರಾಗಿದ್ದರು. ಕೆಡುಕು ಕೆಡುಕೇ, ಆದರೆ ಅದರ ಗುರುತು ಸಿಕ್ಕಿತ್ತು.

ಈಚೆಗೆ ಸುಮಾರು ಇಪ್ಪತ್ತು ವರ್ಷಗಳಿಂದ ಲೋಕದಲ್ಲಿ ಬೇರೊಂದು ಜಾತಿಯ ಅಮಲು ಹರಡಿಕೊಂಡಿದೆ. ಅದು ಗಿಡದಲ್ಲಿ ಬೆಳೆದುದಲ್ಲ, ಮಡಕೆಯಲ್ಲಿ ಹುಳಿತುದಲ್ಲ. ರಸಾಯನಶಾಲೆಯಲ್ಲಿ ಕೂಡಿಸಿ ಮಾಡಿದ ಪುಡಿ. ಅದು ಇಂಥದೇ ಎಂದು ಸೇವಿಸುವವನಿಗೆ ತಿಳಿಯದು, ಮಾರುವವನಿಗೆ ತಿಳಿಯದು, ಅನೇಕ ವೇಳೆ ಚಿಕಿತ್ಸೆ ಮಾಡುವ ವೈದ್ಯನಿಗೂ ತಿಳಿಯದು. ನಾನು ಮೂವತ್ತು ವರ್ಷಗಳಿಗೂ ಮಿಕ್ಕು ಆಸ್ಪತ್ರೆಯ ತುರ್ತು ಚಿಕಿತ್ಸೆಯ ವಿಭಾಗದಲ್ಲಿ ರಾತ್ರಿಗಳನ್ನು ಕಳೆದವನು. ವಾಚಕರು “ನಮ್ಮ ಮನೆಗೂ ಈ ಮಾತಿಗೂ ಏನು ಸಂಬಂಧ?” ಎಂದು ಪುಟವನ್ನು ಮಗುಚದಿರಬೇಕೆಂದು ಬೇಡುತ್ತೇನೆ. ಆ ವಿಭಾಗದ ಬಾಗಿಲಿಗೆ ಮಕ್ಕಳನ್ನು ಹೊತ್ತು ತಂದ ತಂದೆತಾಯಿಗಳಲ್ಲಿ ಬಹು ಮಂದಿ ಹಿಂದಿನ ದಿನದವರೆಗೂ ಹೀಗೆಯೇ ಎಂದುಕೊಂಡಿದ್ದವರು. ವ್ಯಸನದ ಪಾಪಪುಣ್ಯಗಳನ್ನು ಕುರಿತು ಉಪದೇಶ ಮಾಡುವುದು ನನ್ನ ಉದ್ದೇಶವಲ್ಲ. ಅದನ್ನು ಮಾಡಲು ಅರ್ಹರಾದವರು ಬೇಕಾದಷ್ಟು ಮಂದಿ ಇದ್ದಾರೆ. ಈ ಪದಾರ್ಥಗಳು ಮಿದುಳಿಗೂ ಜ್ಞಾನತಂತುಗಳಿಗೂ ಏನು ಮಾಡುತ್ತವೆ, ಆ ಹೊತ್ತಿನಲ್ಲಿ ಮನೆಯವರು ಏನು ಮಾಡಬೇಕು ಎಂಬಿಷ್ಟನ್ನು ಮಾತ್ರ ಹೇಳಬೇಕೆಂದಿದ್ದೇನೆ.

ಇವುಗಳ ಹುಟ್ಟಿನ ಕಥೆಯೇ ವಿಚಿತ್ರವಾಗಿದೆ. ಭಂಗಿಯ ಸತ್ತ್ವವು ಮಿದುಳಿನಲ್ಲಿ ಎಲ್ಲಿ ತಾಗುತ್ತದೆಂಬುದನ್ನು ಕಂಡುಕೊಳ್ಳುವುದಕ್ಕಾಗಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞ ಜಾನ್ ಡಬ್ಲ್ಯು. ಹಫ್‌ಮನ್ ಎಂಬವರು 1990ರ ದಶಕದಲ್ಲಿ ನೂರಾರು ಕೃತಕ ಸಂಯುಕ್ತಗಳನ್ನು ಮಾಡಿ ನೋಡಿದರು. ಉದ್ದೇಶ ಶುದ್ಧವಾದ ಶಾಸ್ತ್ರಜ್ಞಾನ. ಮುಂದೆ ಯೂರೋಪಿನ ಅಂಗಡಿಗಳಲ್ಲಿ “ಸ್ಪೈಸ್” ಎಂಬ ಬಣ್ಣದ ಪೊಟ್ಟಣಗಳು ಸುಗಂಧ ಧೂಪವೆಂಬ ಹೆಸರಿನಲ್ಲಿ ಬಿಕರಿಯಾಗತೊಡಗಿದವು. ಅದರೊಳಗಿನ ಒಣ ಎಲೆಗಳಿಗೆ ಅಷ್ಟೊಂದು ಅಮಲು ಎಲ್ಲಿಂದ ಬಂದಿತೆಂದು ಜರ್ಮನಿಯವರು ಹುಡುಕಿದಾಗ, 2008ರ ಡಿಸೆಂಬರಿನಲ್ಲಿ, ಹಫ್‌ಮನ್ನರ ಸಂಯುಕ್ತಗಳಲ್ಲೊಂದು ಸಿಕ್ಕಿತು. ಅದರ ಸಂಕೇತ ಜೆಡಬ್ಲ್ಯುಎಚ್-018. ಮೂರು ಅಕ್ಷರಗಳೂ ಅವರ ಹೆಸರಿನವೇ. 2009ರ ಜನವರಿಯಲ್ಲಿ ಜರ್ಮನಿ ಅದನ್ನು ನಿಷೇಧಿಸಿತು. ಕೆಲವೇ ವಾರಗಳಲ್ಲಿ ಅಂಥದೇ ಪೊಟ್ಟಣಗಳಲ್ಲಿ ಅದರ ತಮ್ಮನಂತಿರುವ ಮತ್ತೊಂದು ಸಂಯುಕ್ತ ಬಂದು ಕುಳಿತಿತು. ಕಾನೂನು ಒಂದು ಹೆಸರನ್ನು ಹಿಡಿದರೆ, ಮಾಡುವವರು ಸಂಯುಕ್ತದ ಒಂದು ಕೊಂಡಿಯನ್ನು ಬದಲಿಸಿ ಹೊಸ ಹೆಸರಿನಲ್ಲಿ ಹೊರಗೆ ಬರುತ್ತಾರೆ. 2023ರ ಕೊನೆಗೆ ಲಿಸ್ಬನ್ ನಗರದಲ್ಲಿರುವ ಯೂರೋಪಿನ ಮಾದಕದ್ರವ್ಯಗಳ ಸಂಸ್ಥೆಯ ಪಟ್ಟಿಯಲ್ಲಿ ಇಂಥವು 950ಕ್ಕೂ ಮಿಕ್ಕಿದ್ದವು. ಆ ಒಂದೇ ವರ್ಷದಲ್ಲಿ ಮೊದಲ ಬಾರಿಗೆ ಕಂಡವು 26.

ಇನ್ನು ಪರಿಣಾಮದ ಮಾತು. 2016ರ ಜುಲೈ 12ರಂದು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಒಂದೇ ಕಡೆ 33 ಮಂದಿ ಬೀದಿಯಲ್ಲಿ ಮರಗೊಂಬೆಗಳಂತೆ ನಿಂತುಬಿಟ್ಟರು. ನೋಟ ಶೂನ್ಯ, ಕೈಕಾಲುಗಳ ಚಲನೆ ಯಂತ್ರದಂತೆ ನಿಧಾನ, ಕರೆದರೆ ಉತ್ತರವಿಲ್ಲ, ಆಗಾಗ ನರಳುವಿಕೆಯೊಂದೇ. ಅವರಲ್ಲಿ 18 ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಅವರು ಸೇದಿದ್ದು ಧೂಪವೆಂಬ ಹೆಸರಿನ ಒಂದು ಪೊಟ್ಟಣದ ಸೊಪ್ಪು. ಅದರಲ್ಲಿ ಇದ್ದುದು ಭಂಗಿಯ ಸತ್ತ್ವಕ್ಕಿಂತ ಸುಮಾರು 85 ಪಟ್ಟು ತೀವ್ರವಾದ ಕೃತಕ ಸಂಯುಕ್ತವೆಂಬುದನ್ನು ಆಮೇಲೆ ದೂರದ ಪ್ರಯೋಗಶಾಲೆಗಳು ರಕ್ತಮೂತ್ರಗಳನ್ನೂ ಪೊಟ್ಟಣವನ್ನೂ ಪರೀಕ್ಷಿಸಿ ಗೊತ್ತುಮಾಡಿದವು. ಚಿಕಿತ್ಸೆ ಮಾಡಿದ ವೈದ್ಯರಿಗೆ ಆ ದಿನ ತಿಳಿದಿದ್ದುದು ರೋಗಿಯ ಸ್ಥಿತಿ ಮಾತ್ರ.

ಕೃತಕವಾದುದು ಇಷ್ಟು ತೀವ್ರವಾಗುವುದೇಕೆ? ಮಿದುಳಿನ ಜೀವಕಣಗಳಲ್ಲಿ ಈ ಜಾತಿಯ ಪದಾರ್ಥಗಳು ಹೋಗಿ ತಾಗುವ ಸ್ಥಾನಗಳಿವೆ. ಅವನ್ನು ಕೆರೆಯ ತೂಬಿಗೆ ಹೋಲಿಸಬಹುದು. ಭಂಗಿಯ ಸತ್ತ್ವವು ತೂಬನ್ನು ಅರ್ಧ ಮಾತ್ರ ಎತ್ತಬಲ್ಲುದು. ಎಷ್ಟು ಸೇದಿದರೂ ಅದರ ಬಲ ಅಷ್ಟೇ. ಈ ಕೃತಕ ಸಂಯುಕ್ತಗಳಾದರೋ ತೂಬನ್ನು ಪೂರ್ತಿಯಾಗಿ ಕಿತ್ತೆತ್ತುತ್ತವೆ. ಅಲ್ಲದೆ, ಇವುಗಳನ್ನು ದ್ರಾವಣವಾಗಿ ಮಾಡಿ ಯಾವುದೋ ಒಣ ಎಲೆಯ ಮೇಲೆ ಸಿಂಪಡಿಸಿರುತ್ತಾರೆ. ಸಿಂಪಡಿಕೆ ಎಲ್ಲೆಡೆಯೂ ಸಮನಾಗಿ ಬಿದ್ದಿರುವುದಿಲ್ಲ. ಒಂದೇ ಪೊಟ್ಟಣವನ್ನು ಇಬ್ಬರು ಸ್ನೇಹಿತರು ಹಂಚಿಕೊಂಡರೆ ಒಬ್ಬನಿಗೆ ಏನೂ ಆಗದೆ, ಮತ್ತೊಬ್ಬನು ಸೆಳವು ಬಂದು ಬೀಳುವುದುಂಟು. “ನನ್ನ ಗೆಳೆಯನಿಗೆ ಏನೂ ಆಗಲಿಲ್ಲ” ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

ಎರಡನೆಯ ಜಾತಿಯವು ಉದ್ರೇಕಕಾರಿಗಳು. ಇವುಗಳಲ್ಲಿ ಮೆಫೆಡ್ರೋನ್ ಎಂಬುದು ಪ್ರಸಿದ್ಧವಾದುದು. ಇದು 1929ರಷ್ಟು ಹಿಂದೆಯೇ ತಯಾರಾಗಿ, ಶಾಸ್ತ್ರಗ್ರಂಥಗಳಲ್ಲಿ ಮಲಗಿದ್ದು, ಈ ಶತಮಾನದ ಮೊದಲಲ್ಲಿ ಎದ್ದು ಬಂದಿತು. ಇಂಗ್ಲೆಂಡಿನಲ್ಲಿ ಇದನ್ನು ಗಿಡಗಳ ಗೊಬ್ಬರವೆಂದು ಚೀಟಿ ಹಚ್ಚಿ, “ಮನುಷ್ಯರ ಸೇವನೆಗಲ್ಲ” ಎಂದೂ ಬರೆದು ಮಾರುತ್ತಿದ್ದರು. 2010ರಲ್ಲಿ ಅಲ್ಲಿ ನಿಷೇಧವಾಯಿತು. ನಮ್ಮ ಮುಂಬಯಿಯಲ್ಲಿ “ಮ್ಯಾವ್ ಮ್ಯಾವ್” ಎಂಬ ಬೆಕ್ಕಿನ ಕೂಗಿನ ಹೆಸರಿನಿಂದ ಹರಡಿದ ಇದನ್ನು ಭಾರತ ಸರ್ಕಾರವು 2015ರಲ್ಲಿ ನಿಷಿದ್ಧ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಈ ಜಾತಿಯ ಪುಡಿಗಳು ಜ್ಞಾನತಂತುಗಳ ನಡುವೆ ಸುದ್ದಿಯನ್ನೊಯ್ಯುವ ರಸಗಳನ್ನು ಒಮ್ಮೆಗೇ ಹೊರಚೆಲ್ಲಿಸುತ್ತವೆ. ಆಗ ಸ್ನಾಯುಗಳು ಬಿಗಿದು ನಡುಗುತ್ತವೆ. ನಡುಕದಿಂದ ಶಾಖ ಹುಟ್ಟುತ್ತದೆ. ಪಾದವನ್ನು ಮೇಲಕ್ಕೊತ್ತಿ ಹಿಡಿದರೆ ಅದು ತಾಳ ಹಾಕಿದಂತೆ ಮಿಡಿಯುತ್ತದೆ. ಕಣ್ಣಿನ ಪಾಪೆ ಹಿಗ್ಗಿರುತ್ತದೆ. ಉಮ್ಮತ್ತ ತಿಂದವನ ಮೈ ಒಣಗಿರುವುದು. ಇವನ ಮೈಯಲ್ಲಾದರೋ ಬೆವರು ಧಾರೆಯಾಗಿರುವುದು. ವೈದ್ಯನು ನೋಡುವ ಭೇದಗಳಲ್ಲಿ ಇದೂ ಒಂದು.

ಈ ಶಾಖದ ವಿಷಯವನ್ನು ಗೃಹಿಣಿಯರು ಗಮನಿಸಬೇಕು. ಸಾಮಾನ್ಯ ಜ್ವರದಲ್ಲಿ ಮಿದುಳೇ ಮೈಯ ಶಾಖವನ್ನು ಏರಿಸಿಕೊಂಡಿರುತ್ತದೆ. ಜ್ವರದ ಮಾತ್ರೆ ಅದನ್ನು ಇಳಿಸುತ್ತದೆ. ಇಲ್ಲಿ ಶಾಖವು ಸ್ನಾಯುಗಳಲ್ಲಿ ಹುಟ್ಟುವುದರಿಂದ ಪ್ಯಾರಾಸಿಟಮಾಲ್ ಮಾತ್ರೆಯಿಂದ ಪ್ರಯೋಜನವಿಲ್ಲ. ಬೇಕಾದುದು ಎರಡೇ: ಸ್ನಾಯುಗಳನ್ನು ಸಡಿಲಿಸಿ ಸೆಳವನ್ನು ನಿಲ್ಲಿಸುವ ಲೊರಾಜಿಪಾಮ್, ಮಿಡಾಜೊಲಾಮ್ ಮೊದಲಾದ ಆಸ್ಪತ್ರೆಯ ಸೂಜಿಮದ್ದು, ಮತ್ತು ಮೈಯನ್ನು ಹೊರಗಿನಿಂದ ತಣಿಸುವ ನೀರು, ಮಂಜುಗಡ್ಡೆ, ಗಾಳಿ. ನೀರನ್ನು ಮೈಗೆ ಹಾಕಬೇಕೇ ಹೊರತು ಬಲವಂತವಾಗಿ ಕುಡಿಸಬಾರದು. 2008ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಮೆಫೆಡ್ರೋನ್ ಸೇವಿಸಿ ತೀರಿಕೊಂಡ ತರುಣಿಯೊಬ್ಬಳ ರಕ್ತದಲ್ಲಿ ಉಪ್ಪಿನಂಶ ಬಹಳ ಇಳಿದು, ಮಿದುಳು ಊದಿಕೊಂಡಿತ್ತು. ಇಂಥ ಅಮಲಿನಲ್ಲಿ ಶರೀರವು ನೀರನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುವುದುಂಟು. ಮೇಲೆ ಮೇಲೆ ನೀರು ಕುಡಿಸಿದರೆ ರಕ್ತದ ಉಪ್ಪು ಮತ್ತಷ್ಟು ತೆಳುವಾಗುತ್ತದೆ.

ಇಲ್ಲಿ ನನ್ನ ಅನುಭವದ ಒಂದು ರಾತ್ರಿಯನ್ನು ಹೇಳಬೇಕಾಗಿದೆ. ಬೇಸಿಗೆಯ ದಿನ, ಇನ್ನೂ ಇಪ್ಪತ್ತು ತುಂಬದ ಹುಡುಗನನ್ನು ಕರೆತಂದರು. ಮೈಯ ಶಾಖ 106 ಡಿಗ್ರಿ, ದವಡೆ ಕಚ್ಚಿತ್ತು, ದಾರಿಯಲ್ಲಿ ಎರಡು ಬಾರಿ ಸೆಳವು ಬಂದಿತ್ತು. ತಂದೆ ಊರಿನಲ್ಲಿ ನಾಲ್ಕು ಜನ ಕೈ ಮುಗಿಯುವಂಥ ಗೃಹಸ್ಥರು. “ಬಿಸಿಲಿನಲ್ಲಿ ಚೆಂಡಾಟವಾಡಿ ಬಂದ, ಬಿಸಿಲು ತಾಗಿದೆ, ಅಷ್ಟೆ” ಎಂದರು. ಬೇರೆ ಏನನ್ನಾದರೂ ತೆಗೆದುಕೊಂಡಿರಬಹುದೇ ಎಂದು ಕೇಳಿದುದಕ್ಕೆ, “ನಮ್ಮ ಮನೆತನದಲ್ಲಿ ಅಂಥದ್ದಿಲ್ಲ” ಎಂದು ಮುಖ ತಿರುಗಿಸಿದರು. ಬಿಸಿಲಿನ ಹೊಡೆತವೋ, ಮಿದುಳಿನ ಪೊರೆಯ ಉರಿಯೂತವೋ, ಮತ್ತೇನೋ ಎಂದು ನಾವು ಯೋಚಿಸುತ್ತಿರುವಾಗ, ಬಾಗಿಲ ಬಳಿ ನಿಂತಿದ್ದ ಹುಡುಗನ ಅಜ್ಜಿ ಮೆಲ್ಲಗೆ ಒಳಗೆ ಬಂದರು. ಸೆರಗಿನ ಗಂಟನ್ನು ಬಿಚ್ಚಿ ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟರು. ತಳದಲ್ಲಿ ಚಿಟಿಕೆಯಷ್ಟು ಬಿಳಿಯ ಪುಡಿ ಉಳಿದಿತ್ತು. “ಹಾಸಿಗೆ ಕೊಡಹುವಾಗ ದಿಂಬಿನ ಕೆಳಗೆ ಸಿಕ್ಕಿತಪ್ಪಾ. ನನ್ನ ಮಗನಿಗೆ ಮಾನದ ಚಿಂತೆ, ನನಗೆ ಮೊಮ್ಮಗನ ಚಿಂತೆ” ಎಂದರು.

ಆ ಪುಡಿಯ ಹೆಸರು ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ಆದರೆ ಆ ಪೊಟ್ಟಣದಿಂದ ದಾರಿ ತಿಳಿಯಿತು. ನೋವಿಗೆಂದು ಕೊಡುವ ಟ್ರಮಡಾಲಿನಂಥ ಮದ್ದುಗಳು ಇಂಥ ಸ್ಥಿತಿಯಲ್ಲಿ ಸೆಳವನ್ನೂ ಶಾಖವನ್ನೂ ಹೆಚ್ಚಿಸಬಲ್ಲವು, ಅವನ್ನು ದೂರವಿಟ್ಟೆವು. ಸೆಳವಿನ ಸೂಜಿಮದ್ದನ್ನು ಸಾಮಾನ್ಯಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟೆವು. ಬಗಲು ತೊಡೆಸಂದುಗಳಲ್ಲಿ ಮಂಜುಗಡ್ಡೆಯಿಟ್ಟು, ಒದ್ದೆ ಬಟ್ಟೆ ಹೊದಿಸಿ, ಗಾಳಿ ಬೀಸಿದೆವು. ಸ್ನಾಯುಗಳು ಕರಗಿ ರಕ್ತಕ್ಕೆ ಸೇರಿದ್ದರಿಂದ ಮೂತ್ರವು ಕಾಫಿಯ ಡಿಕಾಕ್ಷನ್ನಿನಂತಾಗಿತ್ತು. ಮೂತ್ರಪಿಂಡಗಳನ್ನು ಉಳಿಸಿಕೊಳ್ಳಲು ನಾಳದ ಮೂಲಕ ದ್ರವವನ್ನು ಕೊಡುತ್ತ ಬಂದೆವು. ಮೂರನೆಯ ದಿನ ಹುಡುಗನು ಕಣ್ಣು ತೆರೆದು ಅಜ್ಜಿಯನ್ನು ಗುರುತಿಸಿದನು. ತಂದೆಯವರು ಸುಳ್ಳುಗಾರರೆಂದು ನಾನು ಹೇಳಲಾರೆ. ಮಗನನ್ನು ಲೋಕದ ಬಾಯಿಯಿಂದ ಕಾಪಾಡಬೇಕೆಂದು ಅವರು ಅಡ್ಡ ನಿಂತಿದ್ದರು. ಆ ಗಳಿಗೆಯಲ್ಲಿ ಅಪಾಯವು ಲೋಕದ ಬಾಯಿಂದ ಬರುತ್ತಿರಲಿಲ್ಲ, ಅಷ್ಟೆ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರೆ ಎಲ್ಲವೂ ತಾನಾಗಿ ತಿಳಿಯುವುದಿಲ್ಲವೇ, ನಾವೇಕೆ ಬಾಯಿ ಬಿಡಬೇಕು ಎಂದು ಕೆಲವರು ಕೇಳುವುದುಂಟು. ಸಾಮಾನ್ಯವಾಗಿ ದೊರೆಯುವ ಮೂತ್ರ ಪರೀಕ್ಷೆಯ ಪಟ್ಟಿಗಳು ಅಫೀಮು, ಭಂಗಿ, ಕೊಕೇನು ಮುಂತಾದ ಹಳೆಯ ಕುಟುಂಬಗಳನ್ನು ಮಾತ್ರ ಗುರುತಿಸುತ್ತವೆ. ಕೃತಕ ಭಂಗಿಯು ಹೆಸರಿಗೆ ಭಂಗಿಯಾದರೂ ರಚನೆಯಲ್ಲಿ ಬೇರೆಯಾದುದರಿಂದ ಭಂಗಿಯ ಪರೀಕ್ಷೆಗೆ ಸಿಕ್ಕುವುದಿಲ್ಲ. ನಿಜವಾದ ಗುರುತಿಗೆ ದೊಡ್ಡ ಯಂತ್ರಗಳುಳ್ಳ ಪ್ರಯೋಗಶಾಲೆ ಬೇಕು. ಉತ್ತರ ಬರುವುದರೊಳಗೆ ರೋಗಿ ಬದುಕಿರುತ್ತಾನೆ, ಇಲ್ಲವೇ ತೀರಿಹೋಗಿರುತ್ತಾನೆ. ಆದಕಾರಣ “ಪರೀಕ್ಷೆಯಲ್ಲಿ ಏನೂ ಇಲ್ಲ” ಎಂದ ಮಾತ್ರಕ್ಕೆ ಏನೂ ಇರಲಿಲ್ಲವೆಂದು ಅರ್ಥವಲ್ಲ. ಇಂಥ ಬಹುಪಾಲು ಪದಾರ್ಥಗಳಿಗೆ ಪ್ರತಿವಿಷವೂ ಇಲ್ಲ. ಅಫೀಮಿನ ಜಾತಿಯವುಗಳಿಗೆ ಮಾತ್ರ ನಲಾಕ್ಸೋನ್ ಎಂಬ ಒಳ್ಳೆಯ ಮದ್ದುಂಟು. ಉಳಿದವುಗಳಲ್ಲಿ ವೈದ್ಯನು ಉಸಿರು, ಶಾಖ, ಸೆಳವು, ರಕ್ತದ ಸಕ್ಕರೆ ಮತ್ತು ಉಪ್ಪು ಇವುಗಳನ್ನು ಕಾಯುತ್ತ, ಶರೀರವು ತಾನೇ ವಿಷವನ್ನು ಕಳೆದುಕೊಳ್ಳುವವರೆಗೂ ಪಕ್ಕದಲ್ಲಿ ನಿಂತಿರುತ್ತಾನೆ.

ಮೂರನೆಯದನ್ನು ಹೇಳದೆ ಬಿಡುವಂತಿಲ್ಲ. ಏಕೆಂದರೆ ಅದು ಸಸ್ಯಾಹಾರಿಗಳ ಮನೆಗೆ ವಿಶೇಷವಾಗಿ ಸಂಬಂಧಪಟ್ಟುದು. ನಗಿಸುವ ಅನಿಲವೆಂದು ಹೆಸರಾದ ನೈಟ್ರಸ್ ಆಕ್ಸೈಡ್ ಹೊಸ ವಸ್ತುವಲ್ಲ. 1799ರಲ್ಲಿ ಹಂಫ್ರಿ ಡೇವಿ ಇದನ್ನು ತಾನೇ ಉಸಿರಾಡಿ ನೋಡಿದನು; 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಹಲ್ಲು ಕೀಳುವ ನೋವಿಗೆ ಇದನ್ನು ಬಳಸಿದನು. ವೈದ್ಯರ ಕೈಯಲ್ಲಿ ಇಂದಿಗೂ ಇದು ಉಪಯುಕ್ತವಾದ ಔಷಧವೇ. ಹೊಸದಾದುದೇನೆಂದರೆ, ಕೆನೆ ಉಬ್ಬಿಸಲು ಮಾಡಿದ ಉಕ್ಕಿನ ಸಣ್ಣ ಕೊಳವೆಗಳಿಂದ ಇದನ್ನು ಬೆಲೂನಿಗೆ ತುಂಬಿಸಿ, ವಿನೋದಕ್ಕಾಗಿ ದಿನವೂ ಹತ್ತಾರು ಬಾರಿ ಎಳೆಯುವ ಅಭ್ಯಾಸ. ಈ ಅನಿಲವು ಶರೀರದಲ್ಲಿರುವ ಬಿ12 ಜೀವಸತ್ತ್ವದ ಶಕ್ತಿಯನ್ನು ಕೆಡಿಸಿಬಿಡುತ್ತದೆ. ಬಿ12 ಇಲ್ಲದೆ ಬೆನ್ನುಹುರಿಯ ತಂತುಗಳ ಮೇಲಿನ ಕವಚ ಉಳಿಯುವುದಿಲ್ಲ. ಮೊದಲು ಪಾದಗಳಲ್ಲಿ ಜೋಮು. ಆಮೇಲೆ ನಡಿಗೆ ತಪ್ಪುವುದು. ಮುಖ ತೊಳೆಯಲು ಕಣ್ಣು ಮುಚ್ಚಿದರೆ ಓಲಾಡುವರು. ಕತ್ತು ಬಗ್ಗಿಸಿದರೆ ಬೆನ್ನಿನಲ್ಲಿ ಮಿಂಚು ಹರಿದಂತಾಗುವುದು.

ಬಿ12 ಜೀವಸತ್ತ್ವವು ಮಾಂಸ, ಮೊಟ್ಟೆ, ಹಾಲುಗಳಲ್ಲಿರುವುದೇ ಹೊರತು ಕಾಯಿಪಲ್ಯಗಳಲ್ಲಿಲ್ಲ. ಸಸ್ಯಾಹಾರಿಗಳಾದ ನಮ್ಮ ಅನೇಕರಲ್ಲಿ ಅದರ ಸಂಗ್ರಹ ಮೊದಲೇ ಕಡಿಮೆ. ಓದಿಗಾಗಿ ಲಂಡನ್ನಿಗೋ ಆಮ್‌ಸ್ಟರ್‌ಡ್ಯಾಮಿಗೋ ಹೋದ ಹುಡುಗನು ಅಲ್ಲಿಯ ಕೂಟಗಳಲ್ಲಿ ಈ ಬೆಲೂನನ್ನು ಹಿಡಿದರೆ, ಜೊತೆಯವರಿಗಿಂತ ಬೇಗನೆ ಅವನ ಕಾಲು ಸೋಲುವ ಸಂಭವವಿದೆ. 2023ರ ಜನವರಿಯಲ್ಲಿ ನೆದರ್ಲೆಂಡ್ಸ್ ದೇಶವೂ, ಅದೇ ವರ್ಷದ ನವೆಂಬರಿನಲ್ಲಿ ಬ್ರಿಟನ್ನೂ ಈ ವಿನೋದವನ್ನು ನಿಷೇಧಿಸಿದವು. ಅನಿಲವನ್ನು ನಿಲ್ಲಿಸಿ ತಡಮಾಡದೆ ಬಿ12 ಸೂಜಿಮದ್ದನ್ನು ಕೊಟ್ಟರೆ ಬಹು ಮಂದಿ ಚೇತರಿಸಿಕೊಳ್ಳುತ್ತಾರೆ. ತಡವಾದರೆ ಊನ ಉಳಿಯಬಹುದು. ರಕ್ತದಲ್ಲಿ ಬಿ12 ಪ್ರಮಾಣವು ಸರಿಯಾಗಿಯೇ ಇದೆಯೆಂದು ಕಾಣಬಹುದು. ಪ್ರಮಾಣವಿದ್ದೂ ಶಕ್ತಿ ಕೆಟ್ಟಿರುತ್ತದೆ. ಆದುದರಿಂದ ಇಲ್ಲಿಯೂ ವೈದ್ಯನಿಗೆ ಬೆಳಕು ತೋರಿಸುವುದು ರೋಗಿಯ ಬಾಯಿಂದ ಬರುವ ಸತ್ಯವೇ.

ಮನೆಯಲ್ಲಿ ಮಾಡತಕ್ಕ ಕೆಲಸ ಹೆಚ್ಚಿಲ್ಲ. ಮಾಡಬಾರದ ಕೆಲಸ ಸ್ವಲ್ಪ ಹೆಚ್ಚು. ಅಮಲಿಳಿಸಲೆಂದು ಮಜ್ಜಿಗೆ, ನಿಂಬೆಯ ರಸ, ಹುಣಸೆಯ ನೀರುಗಳನ್ನು ಪ್ರಜ್ಞೆ ತಪ್ಪಿದವನ ಬಾಯಿಗೆ ಹಾಕಬಾರದು. ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ. ಸೆಳವು ಬಂದಾಗ ಕೈಯಲ್ಲಿ ಕಬ್ಬಿಣ ಹಿಡಿಸುವುದರಿಂದ ಪ್ರಯೋಜನವಿಲ್ಲ. ಹಲ್ಲುಗಳ ನಡುವೆ ಚಮಚ ಇಡುವುದರಿಂದ ಹಾನಿಯೇ ಉಂಟು. ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಮೈ ಬಿಸಿಯಾಗಿದ್ದರೆ ಒದ್ದೆ ಬಟ್ಟೆಯಿಂದ ಒರಸಿ ಗಾಳಿ ಹಾಕಬೇಕು. ಕೂಗಾಡುವವನನ್ನು ನಾಲ್ವರು ಸೇರಿ ಬೋರಲಾಗಿ ಒತ್ತಿ ಹಿಡಿಯಬಾರದು. ಉಸಿರು ಕಟ್ಟೀತು, ಶಾಖವೂ ಏರೀತು. “ಮಲಗಿ ಎದ್ದರೆ ಸರಿಹೋಗುತ್ತದೆ” ಎಂದು ಕೋಣೆಯಲ್ಲಿ ಒಬ್ಬನನ್ನೇ ಬಿಟ್ಟು ಬಾಗಿಲು ಹಾಕಿಕೊಳ್ಳಬಾರದು. ಕೂಡಲೇ 108ಕ್ಕೆ ಕರೆ ಮಾಡಬೇಕು. ಪೊಟ್ಟಣ, ಪುಡಿ, ಕಾಗದದ ಚೂರು, ಏನು ಸಿಕ್ಕಿದರೂ ಚರಂಡಿಗೆ ಎಸೆಯದೆ ಜೊತೆಯಲ್ಲಿ ಒಯ್ಯಬೇಕು. ಎಷ್ಟು ಹೊತ್ತಿಗೆ ತೆಗೆದುಕೊಂಡ, ಜೊತೆಗೆ ಮದ್ಯವಿತ್ತೇ, ದಿನವೂ ನುಂಗುವ ಮಾತ್ರೆಗಳಿವೆಯೇ, ಮೊದಲು ಏನಾಯಿತು, ಇಷ್ಟನ್ನು ಹೇಳಿದರೆ ಸಾಕು. ಸ್ನೇಹಿತರು ಹೆದರಿ ಓಡಿಹೋಗದಂತೆ ಅವರೊಡನೆ ಶಾಂತವಾಗಿ ಮಾತನಾಡಬೇಕು. ನಡೆದುದನ್ನು ಕಣ್ಣಾರೆ ಕಂಡವರು ಅವರೇ.

ಪೊಲೀಸರ ಭಯವು ಸುಳ್ಳು ಭಯವೆಂದು ನಾನು ಹೇಳಲಾರೆ. ಆಸ್ಪತ್ರೆಯವರು ಇಂಥ ಪ್ರಸಂಗಗಳನ್ನು ದಾಖಲೆ ಮಾಡಿ ತಿಳಿಸುವ ಪದ್ಧತಿಯುಂಟು. ಆದರೂ ಎರಡು ಮಾತನ್ನು ಗೃಹಸ್ಥರು ತಿಳಿದಿರಬೇಕು. ಮೊದಲು ಪ್ರಾಣರಕ್ಷಣೆ, ಕಾನೂನಿನ ವಿಧಿಗಳು ಆಮೇಲೆ ಎಂದು ಭಾರತದ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ವೈದ್ಯರಿಗೆ ವಿಧಿಸಿದೆ. ಇನ್ನು 1985ರ ಮಾದಕದ್ರವ್ಯಗಳ ಕಾನೂನಿನ 64ಎ ಕಲಮು, ವ್ಯಸನಿಯಾದವನು ತಾನಾಗಿ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ವ್ಯಸನ ಬಿಡಿಸಲು ಸಲಹೆ ಬೇಕಾದವರಿಗೆ 14446 ಎಂಬ ರಾಷ್ಟ್ರೀಯ ದೂರವಾಣಿ ಸಂಖ್ಯೆಯುಂಟು. ಕಾನೂನಿನ ತೊಡಕನ್ನು ವಕೀಲರು ನಾಳೆ ಬಿಡಿಸಬಲ್ಲರು. ಒಂದು ಗಂಟೆಯ ಕಾಲ 106 ಡಿಗ್ರಿಯಲ್ಲಿ ಬೆಂದ ಮಿದುಳನ್ನು ನಾಳೆ ಯಾರೂ ಸರಿಮಾಡಲಾರರು.

ಮಕ್ಕಳು ತಮಗೆ ತಾವೇ ಬಂದು ನಿಜವನ್ನು ಹೇಳುವ ಮನೆ ಒಂದು ರಾತ್ರಿಯಲ್ಲಿ ಆಗುವಂಥದಲ್ಲ. ಲೋಟ ಒಡೆದ ಮಗು “ನಾನೇ ಒಡೆದೆ” ಎಂದಾಗ ಏಟು ಬಿದ್ದಿತೋ, ಗಾಜಿನ ಚೂರು ಕಾಲಿಗೆ ಚುಚ್ಚಿತೇ ಎಂದು ಮೊದಲು ನೋಡಿದರೋ, ಅಲ್ಲಿಂದಲೇ ಅದು ಪ್ರಾರಂಭವಾಗುತ್ತದೆ. ಹದಿನಾರು ತುಂಬಿದ ಮಗನಿಗೂ ಮಗಳಿಗೂ ತಂದೆತಾಯಿಗಳು ಒಂದು ಮಾತನ್ನು ಬಾಯಿಬಿಟ್ಟು ಹೇಳಿಡುವುದು ಒಳ್ಳೆಯದು: “ನೀನು ಇಂಥದನ್ನು ಮುಟ್ಟಬಾರದೆಂಬುದೇ ನಮ್ಮ ಆಸೆ. ಆದರೂ ನಿನಗಾಗಲಿ ನಿನ್ನ ಗೆಳೆಯರಿಗಾಗಲಿ ಏನಾದರೂ ಆದರೆ, ಎಷ್ಟು ಹೊತ್ತಾಗಿದ್ದರೂ ಮೊದಲು ನಮಗೆ ಹೇಳು. ಬೈಯುವುದನ್ನು ಆಮೇಲೆ ನೋಡೋಣ.” ಹೀಗೆ ಹೇಳುವುದರಿಂದ ಮಕ್ಕಳಿಗೆ ಸಲಿಗೆ ಕೊಟ್ಟಂತಾಗುತ್ತದೆಂದು ಕೆಲವರು ಅಂಜುತ್ತಾರೆ. ರಾತ್ರಿ ಎರಡು ಗಂಟೆಗೆ ಗೆಳೆಯನು ನೆಲಕ್ಕೆ ಬಿದ್ದು ಒದ್ದಾಡುವಾಗ, ಓಡಿಹೋಗಬೇಕೋ ಮನೆಗೆ ಕರೆ ಮಾಡಬೇಕೋ ಎಂದು ಯೋಚಿಸುತ್ತ ನಿಂತ ಹುಡುಗನಿಗೆ ಈ ಮಾತು ನೆನಪಾದರೆ ಸಾಕು, ಅಷ್ಟು ಸಲಿಗೆಯಿಂದ ಮನೆಗೆ ನಷ್ಟವೇನೂ ಇಲ್ಲ.